ಸಣ್ಣ ಉರಿಯ ಅಡಿಗೆ

ಅಡಿಗೆಯ ಮಾತು ವಿದ್ಯಾವಂತರ ಮುಂದೆ ಉಪನ್ಯಾಸಕ್ಕೆ ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ದಿನಕ್ಕೆ ಎರಡು ಹೊತ್ತು ಉಣ್ಣುವ ನಾವು, ಆ ಎರಡು ಹೊತ್ತಿನ ಊಟಕ್ಕಾಗಿ ಮನೆಯಲ್ಲಿ ಒಬ್ಬರು ಎಷ್ಟು ಗಂಟೆಗಳ ಕಾಲ ಒಲೆಯ ಮುಂದೆ ನಿಲ್ಲುತ್ತಾರೆಂಬುದನ್ನು ಒಂದು ದಿನ ಲೆಕ್ಕ ಹಾಕಿ ನೋಡಿದರೆ, ಆ ಪ್ರಶ್ನೆಗೆ ಉತ್ತರ ತಾನಾಗಿಯೇ ದೊರೆಯುತ್ತದೆ. ಬೆಂಕಿಯ ಗುಣವನ್ನೂ ಬೇಯುವ ವಸ್ತುವಿನ ಗುಣವನ್ನೂ ಅರಿತು ನಡೆಸಬೇಕಾದ ಕೆಲಸವಾದುದರಿಂದ ಅಡಿಗೆ ಒಂದು ಶಾಸ್ತ್ರ. ಹೊತ್ತನ್ನೂ ಸೌದೆಯನ್ನೂ ಉಳಿಸಬೇಕಾದ ಕೆಲಸವಾದುದರಿಂದ ಅದು ಮನೆವಾರ್ತೆಯ ಅರ್ಥಶಾಸ್ತ್ರವೂ ಹೌದು. ಈ ಎರಡು ಕಡೆಯಿಂದಲೂ ನೋಡುತ್ತ, ಸಣ್ಣ ಉರಿಯ ಅಡಿಗೆಯನ್ನು ಕುರಿತು ಕೆಲವು ಮಾತುಗಳನ್ನು ಇಂದು ಶ್ರೋತೃಗಳ ಮುಂದಿಡುತ್ತೇನೆ.

ಪೇಟೆಯ ಅಂಗಡಿಗಳಲ್ಲಿ ‘ಸ್ಲೋ ಕುಕ್ಕರ್’ ಎಂಬ ಹೆಸರಿನ ವಿದ್ಯುತ್ ಪಾತ್ರೆಯೊಂದು ದೊರೆಯುತ್ತದೆ. ಹೊರಗೆ ಲೋಹದ ಕವಚ, ಅದರ ಒಳಮೈಯಲ್ಲಿ ಕಾಯುವ ತಂತಿ, ನಡುವೆ ದಪ್ಪನಾದ ಪಿಂಗಾಣಿಯ ಪಾತ್ರೆ, ಮೇಲೆ ಗಾಜಿನ ಮುಚ್ಚಳ: ಇಷ್ಟೇ ಅದರ ಅಂಗಗಳು. ಅದರಲ್ಲಿ ಉರಿಯಿಲ್ಲ, ಸೀಟಿಯಿಲ್ಲ, ಒತ್ತಡವಿಲ್ಲ. ಬೆಳಗ್ಗೆ ತುಂಬಿಟ್ಟು ಹೊರಟರೆ ಸಂಜೆಗೆ ಬೆಂದಿರುತ್ತದೆ. ಇದನ್ನು ಕಂಡವರು ಕೇಳುವ ಪ್ರಶ್ನೆ ಒಂದೇ: ಪರದೇಶದ ಈ ಪಾತ್ರೆ ನಮ್ಮ ಮುದ್ದೆ ಸಾರಿನ ಊಟಕ್ಕೆ ಒಗ್ಗುವುದೇ? ಒಗ್ಗುತ್ತದೆಂದೇ ನನ್ನ ಅಭಿಪ್ರಾಯ. ಏಕೆಂದರೆ ಸಣ್ಣ ಶಾಖದಲ್ಲಿ ಬಹುಹೊತ್ತು ಬೇಯಿಸುವ ಕ್ರಮ ನಮ್ಮ ನಾಡಿಗೆ ಹೊಸದೇನೂ ಅಲ್ಲ. ಆದರೆ ಆ ಕ್ರಮಕ್ಕೆ ಮೂರು ಹೆಜ್ಜೆಗಳುಂಟು: ಮೊದಲು ಚೆನ್ನಾಗಿ ಕುದಿಸುವುದು, ಆಮೇಲೆ ಸಣ್ಣ ಶಾಖದಲ್ಲಿ ಬಿಡುವುದು, ಕೊನೆಯಲ್ಲಿ ಕೆಲವು ನಿಮಿಷ ಕೈಯಾಡಿಸಿ ಮುಗಿಸುವುದು. ಇವುಗಳಲ್ಲಿ ಮೊದಲನೆಯ ಹೆಜ್ಜೆಯನ್ನು ಬಿಟ್ಟರೆ ರುಚಿ ಕೆಡುವುದಷ್ಟೇ ಅಲ್ಲ, ಆರೋಗ್ಯವೂ ಕೆಡಬಹುದು. ಇದನ್ನು ವಿವರಿಸುವುದೇ ಈ ಭಾಷಣದ ಉದ್ದೇಶ.

ಉದಾಹರಣೆಗೆ ದೂರ ಹೋಗಬೇಕಾದುದಿಲ್ಲ. ಬೆಂಗಳೂರಿಗೂ ಮೈಸೂರಿಗೂ ನಡುವೆ ಇರುವ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳನ್ನು ತೆಗೆದುಕೊಳ್ಳೋಣ. ೨೦೦೭ರಲ್ಲಿ ಒಂದೇ ಜಿಲ್ಲೆಯಾಗಿ ಒಟ್ಟುಗೂಡಿದ ಈ ನಾಲ್ಕು ತಾಲ್ಲೂಕುಗಳು ಬಂಡೆಗಳ ಸೀಮೆ. ರಾಗಿ, ಹುರುಳಿ, ಅವರೆಗಳ ಸೀಮೆ. ಹಿಪ್ಪುನೇರಳೆಯ ತೋಟಗಳ ಸೀಮೆ. ಇಲ್ಲಿಯ ಊಟದ ನಡುವೆ ಇರುವುದು ರಾಗಿಯ ಮುದ್ದೆ. ಮುದ್ದೆಗೆ ಜೊತೆಯಾಗಿ ಹುರುಳಿಕಾಳಿನ ಬಸ್ಸಾರು, ಸೊಪ್ಪು ಕಾಳುಗಳ ಉಪ್ಪುಸಾರು, ಚಳಿಗಾಲ ಬಂದಿತೆಂದರೆ ಅವರೆಕಾಳಿನ ಸಾರು, ಹಬ್ಬಕ್ಕೋ ನೆಂಟರಿಗೋ ನಾಟಿಕೋಳಿಯ ಸಾರು. ಈ ಪಟ್ಟಿಯನ್ನು ಸ್ವಲ್ಪ ಗಮನಿಸಿದರೆ ಒಂದು ವಿಶೇಷ ತಿಳಿಯುತ್ತದೆ. ಮುದ್ದೆಯೊಂದನ್ನು ಬಿಟ್ಟರೆ ಉಳಿದವುಗಳಲ್ಲಿ ಹೆಚ್ಚಿನವು ಬೇಗ ಬೇಯದ ವಸ್ತುಗಳು. ಒಣಗಿದ ಹುರುಳಿಯಷ್ಟು ಗಟ್ಟಿಯಾದ ಕಾಳು ಇನ್ನೊಂದಿಲ್ಲವೆನ್ನಬಹುದು. ಹೊಲ ಹಿತ್ತಿಲುಗಳಲ್ಲಿ ಓಡಾಡಿ ಬೆಳೆದ ಕೋಳಿಯ ಮಾಂಸವೂ ಅಷ್ಟೇ ಬಿಗಿಯಾದುದು.

ಇಂತಹ ಅಡಿಗೆಯನ್ನು ಮಾಡುತ್ತಿದ್ದ ಗೃಹಿಣಿಗೆ ಒಲೆಯ ಮುಂದೆ ಕುಳಿತಿರಲು ಬಿಡುವು ಇತ್ತೇ ಎಂದರೆ, ಇರಲಿಲ್ಲ. ಹೊಲದ ಕೆಲಸ, ದನಕರುಗಳ ಕೆಲಸ, ನೀರಿನ ಕೆಲಸ ಎಲ್ಲವೂ ಅವಳದೇ. ರೇಷ್ಮೆಹುಳು ಸಾಕುವ ಮನೆಯಾದರಂತೂ ಹೇಳತಕ್ಕುದೇ ಇಲ್ಲ. ಹುಳುಗಳು ಪೊರೆ ಬಿಡುವುದನ್ನು ನಮ್ಮ ರೈತರು ‘ಜ್ವರ’ ಎಂದು ಕರೆಯುತ್ತಾರೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುಗಳು ಸುಮಾರು ಒಂದು ವಾರದ ಕಾಲ ಹಗಲಿರುಳೂ ಸೊಪ್ಪನ್ನು ತಿನ್ನುತ್ತವೆ. ಆ ವಾರದಲ್ಲಿ ಮನೆಯವರೆಲ್ಲರೂ ಸೊಪ್ಪು ಕೊಯ್ದು, ತಂದು, ಹರಡುವುದರಲ್ಲಿಯೇ ಮುಳುಗಿರಬೇಕು. ಅಂತಹ ದಿನಗಳಲ್ಲಿಯೂ ಕಾಳು ಬೇಯುತ್ತಿತ್ತು, ಮನೆಯವರು ಸಾರನ್ನು ಉಣ್ಣುತ್ತಿದ್ದರು. ಇದು ಹೇಗೆ ಸಾಧ್ಯವಾಯಿತು?

ಇದಕ್ಕೆ ಉತ್ತರ ಹಳೆಯ ಒಲೆಯ ರಚನೆಯಲ್ಲಿಯೇ ಇದೆ. ದೊಡ್ಡ ಒಲೆಯ ಮಗ್ಗುಲಿಗೆ ಅಂಟಿಕೊಂಡಂತೆ ಕೋಡೊಲೆಯೆಂಬ ಸಣ್ಣ ಒಲೆಯೊಂದು ಇರುತ್ತಿತ್ತು. ಅದಕ್ಕೆ ಬೇರೆ ಸೌದೆಯಿಲ್ಲ. ದೊಡ್ಡ ಒಲೆಯ ಉರಿ ತನ್ನ ಕೆಲಸವನ್ನು ಮುಗಿಸಿ ಒಳದಾರಿಯಿಂದ ಹಾದುಬರುವಾಗ ಉಳಿದ ಶಾಖವಷ್ಟೇ ಅದಕ್ಕೆ ದೊರೆಯುವುದು. ಮುಂದಿನ ಒಲೆಯಲ್ಲಿ ಮುದ್ದೆಯ ಎಸರು ಕುದಿಯುತ್ತಿರಲು, ಕೋಡೊಲೆಯ ಮೇಲೆ ಒಂದು ಸಲ ಕುದಿ ಬಂದ ಕಾಳಿನ ಮಡಕೆ ತನ್ನ ಪಾಡಿಗೆ ತಾನು ಬೇಯುತ್ತಿತ್ತು. ಅಡಿಗೆ ಮುಗಿದ ಮೇಲೆ ಉಳಿದ ಕೆಂಡವನ್ನು ಬೂದಿಯಿಂದ ಮುಚ್ಚಿ, ಅದರ ಮೇಲೆ ಹಾಲಿನ ಮಡಕೆಯನ್ನಿಡುವ ವಾಡಿಕೆಯೂ ಇತ್ತು. ಬೆರಣಿಯ ಕಾವಿನಲ್ಲಿ ಗಂಟೆಗಟ್ಟಲೆ ಕಾದು ಕೆನೆ ಕೆಂಪಾದ ಹಾಲಿನ ರುಚಿಯನ್ನು ಬಲ್ಲವರು ಅದನ್ನು ಮರೆಯಲಾರರು. ಅಂದಮೇಲೆ, ನೋಡಿಕೊಳ್ಳುವವರಿಲ್ಲದೆ ಬೇಯುವ ಅಡಿಗೆ ನಮ್ಮವರಿಗೆ ತಿಳಿದಿದ್ದ ಉಪಾಯವೇ ಸರಿ. ಗ್ಯಾಸಿನ ಒಲೆ ಬಂದು ಹೊಗೆ ತೊಲಗಿದುದು ದೊಡ್ಡ ಉಪಕಾರ. ಆದರೆ ಅದರೊಡನೆ ಕೋಡೊಲೆಯೂ ಕೆಂಡವೂ ಹೋದುವು.

ಈಗ ಇದರ ಹಿಂದಿರುವ ಭೌತಶಾಸ್ತ್ರವನ್ನು ಸ್ವಲ್ಪ ನೋಡೋಣ. ನೀರು ಕುದಿಯುವ ಉಷ್ಣತೆ ಸಮುದ್ರಮಟ್ಟದಲ್ಲಿ ೧೦೦ ಡಿಗ್ರಿ ಸೆಂಟಿಗ್ರೇಡ್. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಮೆಯಾಗುವುದರಿಂದ, ಪ್ರತಿ ೩೦೦ ಮೀಟರಿಗೆ ಸುಮಾರು ಒಂದು ಡಿಗ್ರಿಯಷ್ಟು ಇದು ಇಳಿಯುತ್ತದೆ. ಸುಮಾರು ೭೫೦ ಮೀಟರು ಎತ್ತರದಲ್ಲಿರುವ ರಾಮನಗರದಲ್ಲಿ ನೀರು ೯೭½ ಡಿಗ್ರಿಯ ಹತ್ತಿರವೇ ಕುದಿಯುತ್ತದೆ. ಒಂದು ಸಲ ಕುದಿ ಬಂದ ಮೇಲೆ ಒಲೆಯ ಉರಿಯನ್ನು ಎಷ್ಟು ಹೆಚ್ಚಿಸಿದರೂ ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ. ಹೆಚ್ಚಿನ ಶಾಖವೆಲ್ಲ ಉಗಿಯಾಗಿ ಹಾರಿಹೋಗುತ್ತದೆ. ಈ ನಷ್ಟ ಅಲ್ಪವಾದುದೆಂದು ಭಾವಿಸಬಾರದು. ೨೫ ಡಿಗ್ರಿಯ ಒಂದು ಗ್ರಾಂ ನೀರನ್ನು ಕುದಿಯ ಮಟ್ಟಕ್ಕೆ ತರಲು ಸುಮಾರು ೭೨ ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ನೀರನ್ನು ಉಗಿಯಾಗಿ ಮಾಡಲು ೫೪೦ ಕ್ಯಾಲೊರಿಯಷ್ಟು ಬೇಕು. ಮುಚ್ಚಳವಿಲ್ಲದ ಪಾತ್ರೆಯಲ್ಲಿ ಕೊತಕೊತನೆ ಕುದಿಸುತ್ತಿರುವವರು ಬೇಯಿಸುವುದಕ್ಕಿಂತ ಹೆಚ್ಚಾಗಿ ಆವಿಗೆ ಸೌದೆಯನ್ನು ಕೊಡುತ್ತಿದ್ದಾರೆಂದು ಹೇಳಬೇಕು. ಕುದಿ ಬಂದ ಮೇಲೆ ಬೇಕಾಗುವುದು ಹೊರಗೆ ಸೋರಿಹೋಗುವಷ್ಟು ಶಾಖವನ್ನು ಮಾತ್ರ ತುಂಬಿಕೊಡುವ ಸಣ್ಣ ಉರಿ.

ದಪ್ಪನಾದ ಪಾತ್ರೆಯಿಂದ ಏನು ಪ್ರಯೋಜನವೆಂಬುದನ್ನು ರಾಮನಗರದ ಬಂಡೆಗಳೇ ತಿಳಿಸುತ್ತವೆ. ಹಗಲೆಲ್ಲ ಬಿಸಿಲು ಕಾದ ಬಂಡೆ ಸೂರ್ಯನು ಮುಳುಗಿ ಬಹಳ ಹೊತ್ತಾದ ಮೇಲೂ ಬೆಚ್ಚಗಿರುತ್ತದೆ. ನಿಧಾನವಾಗಿ ಕಾದುದು ನಿಧಾನವಾಗಿಯೇ ಆರುತ್ತದೆ. ನಮ್ಮ ಹಿರಿಯರ ಮಣ್ಣಿನ ಮಡಕೆ, ಕಲ್ಲುಚಟ್ಟಿಗಳ ಗುಣವೂ ಇದೇ. ಸ್ಲೋ ಕುಕ್ಕರಿನ ಪಿಂಗಾಣಿಯ ಗುಣವೂ ಇದೇ. ತಂತಿಯ ಶಾಖ ತಳದ ಒಂದೆಡೆಯಲ್ಲಿ ಮಾತ್ರ ತಾಗದೆ ಸುತ್ತಲಿಂದಲೂ ಮೆಲ್ಲನೆ ಬರುವುದರಿಂದ ತಳ ಹಿಡಿಯುವ ಭಯ ಕಡಮೆ. ಈ ಪಾತ್ರೆಗಳಲ್ಲಿ ‘ಲೋ’ ಎಂದೂ ‘ಹೈ’ ಎಂದೂ ಎರಡು ಗುರುತುಗಳಿರುತ್ತವೆ. ಅನೇಕ ಮಾದರಿಗಳಲ್ಲಿ ಎರಡೂ ಕೊನೆಗೆ ಮುಟ್ಟುವ ಉಷ್ಣತೆ ಕುದಿಗಿಂತ ತುಸು ಕೆಳಗಿನದೇ. ಅಲ್ಲಿಗೆ ಮುಟ್ಟಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಮಾತ್ರ ಭೇದವುಂಟು. ಈ ಮಾತನ್ನು ನೆನಪಿನಲ್ಲಿಟ್ಟಿರಬೇಕು. ಮುಂದೆ ಹೇಳುವ ಎಚ್ಚರಿಕೆ ಇದನ್ನೇ ಅವಲಂಬಿಸಿದೆ.

ಇನ್ನು ಬೇಯುವ ವಸ್ತುವಿನ ವಿಚಾರ. ರಾಮನಗರದಲ್ಲಿ ರೇಷ್ಮೆಯ ನೂಲು ಬಿಚ್ಚುವವರನ್ನು ನೋಡಿದರೆ ಇದು ಸುಲಭವಾಗಿ ತಿಳಿಯುತ್ತದೆ. ಗೂಡಿನ ಎಳೆಗಳನ್ನು ಒಂದಕ್ಕೊಂದು ಹಿಡಿದಿರುವ ಅಂಟು ಬಿಸಿನೀರಿನಲ್ಲಿ ಮೆತ್ತಗಾದರೆ ಮಾತ್ರ ಎಳೆ ಬಿಚ್ಚಿಕೊಳ್ಳುತ್ತದೆ. ಕಾಳಿನಲ್ಲಿಯೂ ಮಾಂಸದಲ್ಲಿಯೂ ಇಂತಹ ಅಂಟುಗಳುಂಟು. ಕಾಳಿನ ಕಣಗಳನ್ನು ಒಟ್ಟಿಗೆ ಹಿಡಿದಿರುವುದು ಪೆಕ್ಟಿನ್ ಎಂಬ ವಸ್ತು; ಅದು ಬಿಸಿನೀರಿನಲ್ಲಿ ಮೆಲ್ಲಮೆಲ್ಲನೆ ಕರಗಿದಂತೆಲ್ಲ ಕಾಳು ಮೃದುವಾಗುತ್ತದೆ. ಮಾಂಸದ ಎಳೆಗಳನ್ನು ಹಿಡಿದಿರುವುದು ಕೊಲಾಜನ್. ಅದು ಗಂಟೆಗಟ್ಟಲೆಯ ಶಾಖದಲ್ಲಿ ಜೆಲಟಿನ್ ಆಗಿ ಮಾರ್ಪಟ್ಟು ಸಾರಿಗೆ ಮಂದವಾದ ನುಣುಪನ್ನು ಕೊಡುತ್ತದೆ. ಎರಡಕ್ಕೂ ಶಾಖ ಬೇಕು, ಅದಕ್ಕಿಂತ ಹೆಚ್ಚಾಗಿ ಹೊತ್ತು ಬೇಕು. ಹೊತ್ತನ್ನು ಕಡಮೆ ಮಾಡಬೇಕಾದರೆ ಉಷ್ಣತೆಯನ್ನು ಏರಿಸಬೇಕು. ಪ್ರೆಷರ್ ಕುಕ್ಕರ್ ಉಗಿಯನ್ನು ಒತ್ತಿಹಿಡಿದು ೧೨೦ ಡಿಗ್ರಿಯ ಹತ್ತಿರಕ್ಕೆ ಒಯ್ಯುವುದು ಈ ಕಾರಣದಿಂದಲೇ. ಅದು ಅವಸರದ ದಾರಿ, ಇದು ನಿಧಾನದ ದಾರಿ. ಎರಡೂ ಬೇರೆಬೇರೆ ಸಂದರ್ಭಗಳಲ್ಲಿ ಉಪಯುಕ್ತವಾದುವು.

ನಿಧಾನದ ದಾರಿಯನ್ನು ಯಂತ್ರಕ್ಕೆ ಅಳವಡಿಸುವ ಪ್ರಯತ್ನ ಹಲವು ದೇಶಗಳಲ್ಲಿ ನಡೆದಿದೆ. ಬಂಗಾಳದ ಇಂದುಮಾಧವ ಮಲ್ಲಿಕರು ೧೯೧೦ರಲ್ಲಿ ‘ಇಕ್ಮಿಕ್ ಕುಕ್ಕರ್’ ಎಂಬ ಸಾಧನವನ್ನು ರಚಿಸಿದರು. ಅಡಿಯಲ್ಲಿ ಸ್ವಲ್ಪ ಇದ್ದಲಿನ ಕೆಂಡ, ಅದರ ಮೇಲೆ ನೀರು, ಮೇಲೆ ಒಂದರ ಮೇಲೊಂದರಂತೆ ಅನ್ನ, ಬೇಳೆ, ಪಲ್ಯಗಳ ಡಬ್ಬಿಗಳು. ಹೊತ್ತಿಸಿಟ್ಟು ಕೆಲಸಕ್ಕೆ ಹೋಗಿ ಬರುವ ವೇಳೆಗೆ ಊಟ ಸಿದ್ಧ. ಮನೆಯಿಂದ ದೂರವಿದ್ದು ಓದುವವರಿಗೂ ಪ್ರಯಾಣ ಮಾಡುವವರಿಗೂ ಇದರಿಂದ ಬಹಳ ಅನುಕೂಲವಾಯಿತು. ಅಮೆರಿಕದಲ್ಲಿ ಇರ್ವಿಂಗ್ ನ್ಯಾಕ್ಸನ್ ಎಂಬವರು ವಿದ್ಯುತ್ ಶಾಖದ ಪಾತ್ರೆಯೊಂದಕ್ಕೆ ೧೯೪೦ರಲ್ಲಿ ಪೇಟೆಂಟ್ ಪಡೆದರು. ಯೆಹೂದ್ಯರ ಸಬ್ಬತ್ ದಿನದಲ್ಲಿ ಬೆಂಕಿ ಹೊತ್ತಿಸುವುದು ನಿಷಿದ್ಧ. ಆದ್ದರಿಂದ ಅವರ ತಾಯಿಯ ಕಡೆಯವರ ಲಿಥುವೇನಿಯದ ಊರಿನಲ್ಲಿ ಶುಕ್ರವಾರ ಸಂಜೆಯೇ ಕಾಳು ಮಾಂಸಗಳ ಮಡಕೆಯನ್ನು ರೊಟ್ಟಿಯ ಭಟ್ಟಿಯಲ್ಲಿಟ್ಟು, ಮರುದಿನ ತೆಗೆದು ಉಣ್ಣುತ್ತಿದ್ದರಂತೆ. ಅದರ ಕಥೆಯನ್ನು ಕೇಳಿದುದೇ ಅವರಿಗೆ ಪ್ರೇರಣೆಯಾಯಿತು. ಮೊದಲು ಆ ಪಾತ್ರೆಯನ್ನು ಕಾಳು ಬೇಯಿಸುವುದಕ್ಕೆಂದೇ ಮಾರಿದರು; ೧೯೭೧ರಲ್ಲಿ ರೈವಲ್ ಸಂಸ್ಥೆ ಅದನ್ನು ‘ಕ್ರಾಕ್-ಪಾಟ್’ ಎಂಬ ಹೆಸರಿನಿಂದ ಹೊರತಂದ ಮೇಲೆ ಅದು ಮನೆಮನೆಗೂ ಹಬ್ಬಿತು. ಕೆಂಡದ ಮೇಲಣ ನಮ್ಮ ಹುರುಳಿಯ ಮಡಕೆಗೂ ಭಟ್ಟಿಯೊಳಗಣ ಅವರ ಮಡಕೆಗೂ ತತ್ತ್ವ ಒಂದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ತತ್ತ್ವ ತಿಳಿದ ಮೇಲೆ ಪ್ರಯೋಗಕ್ಕೆ ಬರೋಣ. ಚನ್ನಪಟ್ಟಣದಿಂದಲೋ ರಾಮನಗರದಿಂದಲೋ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಸಂಜೆ ಏಳು ಗಂಟೆಗೆ ಮನೆಗೆ ಹಿಂದಿರುಗುವ ದಂಪತಿಗಳ ಮನೆಯನ್ನು ಊಹಿಸಿಕೊಳ್ಳಿ. ನಾಲ್ಕು ಜನರಿಗೆ ಹುರುಳಿಕಾಳಿನ ಬಸ್ಸಾರು ಆಗಬೇಕು. ಕಾಲು ಕಿಲೋ ಹುರುಳಿಯನ್ನು ಆರಿಸಿ, ತೊಳೆದು, ರಾತ್ರಿ ನೆನೆಹಾಕಿರಬೇಕು. ಬೆಳಗ್ಗೆ ಆ ನೀರನ್ನು ಚೆಲ್ಲಿ, ಒಂದೂವರೆ ಲೀಟರು ಹೊಸ ನೀರಿನಲ್ಲಿ ಕಾಳನ್ನು ಒಲೆಯ ಮೇಲಿಟ್ಟು, ಚೆನ್ನಾಗಿ ಕುದಿ ಬಂದ ಮೇಲೆ ಹದಿನೈದು ನಿಮಿಷ ಕುದಿಸಬೇಕು. ಇತರ ಕೆಲಸಗಳ ನಡುವೆ ಇದು ತಾನಾಗಿಯೇ ನಡೆಯುತ್ತದೆ. ಅಷ್ಟರಲ್ಲಿ ಪಿಂಗಾಣಿಯ ಪಾತ್ರೆಯನ್ನು ಬಿಸಿನೀರಿನಿಂದ ಬೆಚ್ಚಗೆ ಮಾಡಿಟ್ಟುಕೊಂಡಿರಬೇಕು. ತಣ್ಣಗಿರುವ ಪಿಂಗಾಣಿಗೆ ಕುದಿಯುವ ನೀರನ್ನು ಹೊಯ್ದರೆ ಸೀಳುವುದುಂಟು. ಕಾಳನ್ನು ಕುದಿನೀರಿನ ಸಮೇತ ಅದಕ್ಕೆ ಸುರಿದು, ಮುಚ್ಚಳವಿಟ್ಟು, ‘ಲೋ’ ಗುರುತಿಗೆ ತಿರುಗಿಸಿ ಹೊರಡಬಹುದು. ಎಂಟು ಹತ್ತು ಗಂಟೆಗಳ ಮೇಲೆ ಬಂದು ನೋಡಿದರೆ ಕಾಳು ಬೆರಳಿಗೆ ಹಿಸುಕಿದರೆ ಮಿದುವಾಗುವಷ್ಟು ಬೆಂದಿರುತ್ತದೆ, ಕಟ್ಟು ಮಂದವಾಗಿ ಕೆಂಪಗಿರುತ್ತದೆ.

ಮುಂದಿನ ಕೆಲಸ ಅರ್ಧ ಗಂಟೆಯದು. ಕಟ್ಟನ್ನು ಬಸಿದುಕೊಂಡು, ಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಬೆಳ್ಳುಳ್ಳಿ, ಸ್ವಲ್ಪ ಕಾಯಿತುರಿ ಇವುಗಳನ್ನು ಒಂದು ಹಿಡಿ ಬೆಂದ ಕಾಳಿನೊಡನೆ ಅರೆದು ಕಟ್ಟಿಗೆ ಕೂಡಿಸಿ, ಹುಣಿಸೆಹುಳಿ ಉಪ್ಪುಗಳನ್ನು ಹಾಕಿ, ಒಂದು ಕುದಿ ಕುದಿಸಿ ಒಗ್ಗರಣೆ ಕೊಟ್ಟರೆ ಸಾರಾಯಿತು. ಉಳಿದ ಕಾಳಿಗೆ ಈರುಳ್ಳಿಯ ಒಗ್ಗರಣೆ ಕೊಟ್ಟರೆ ಪಲ್ಯವಾಯಿತು. ಸಾರು ಕುದಿಯುತ್ತಿರುವಾಗಲೇ ಪಕ್ಕದ ಒಲೆಯಲ್ಲಿ ಮುದ್ದೆಗೆ ಎಸರಿಡಬಹುದು. ಮುದ್ದೆಯನ್ನು ಮಾತ್ರ ಸ್ಲೋ ಕುಕ್ಕರಿಗೆ ಒಪ್ಪಿಸಲಾಗದು. ರಾಗಿಯ ಹಿಟ್ಟಿಗೆ ಎಂಟು ಗಂಟೆ ಬೇಕಾಗಿಲ್ಲ. ಬೇಕಾದುದು ಮರಳುವ ಎಸರು, ಕೆಲವು ನಿಮಿಷಗಳ ಬೇಯುವಿಕೆ, ಗಂಟಿಲ್ಲದಂತೆ ತಿರುವುವ ಕೋಲು, ಅದನ್ನು ಹಿಡಿದ ಬಲವಾದ ಕೈ. ಇದನ್ನೇ ನಾನು ಮೂರನೆಯ ಹೆಜ್ಜೆಯೆಂದು ಕರೆದುದು. ಹೊತ್ತನ್ನು ಬೇಡುವುದನ್ನು ಪಾತ್ರೆಗೆ ಬಿಟ್ಟು, ಕೈಯನ್ನು ಬೇಡುವುದನ್ನು ಕೈಗೆ ಬಿಡುವುದೇ ಜಾಣತನ.

ಇದೇ ಕ್ರಮದಲ್ಲಿ ಉಪ್ಪುಸಾರನ್ನೂ ಮಾಡಬಹುದು. ಆದರೆ ಸೊಪ್ಪನ್ನು ಕಾಳಿನೊಡನೆ ಬೆಳಗ್ಗೆಯೇ ಹಾಕಬಾರದು. ಎಂಟು ಗಂಟೆಗಳಲ್ಲಿ ಅದರ ಬಣ್ಣವೂ ಸತ್ತ್ವವೂ ಹೋಗುತ್ತವೆ. ಸಂಜೆ ಬಂದ ಮೇಲೆ ಕಾಳನ್ನು ಒಲೆಗೆ ಸಾಗಿಸಿ, ಸೊಪ್ಪು ಹಾಕಿ ಹತ್ತು ನಿಮಿಷ ಬೇಯಿಸಿ ಬಸಿದರೆ ಸಾಕು. ನಾಟಿಕೋಳಿಯ ಸಾರಿಗೆ ಈ ಪಾತ್ರೆ ಬಹಳ ಒಪ್ಪುತ್ತದೆ. ಮಾಂಸವನ್ನು ಈರುಳ್ಳಿ ಅರಿಸಿನಗಳೊಡನೆ ಹುರಿದು, ಅರೆದ ಮಸಾಲೆ ನೀರುಗಳನ್ನು ಹಾಕಿ ಹತ್ತು ನಿಮಿಷ ಕುದಿಸಿ, ಆಮೇಲೆ ಏಳೆಂಟು ಗಂಟೆ ‘ಲೋ’ ಗುರುತಿನಲ್ಲಿ ಬಿಟ್ಟರೆ ಮಾಂಸ ಎಲುಬಿನಿಂದ ಬಿಟ್ಟುಬರುವಷ್ಟು ಮೆತ್ತಗಾಗುತ್ತದೆ. ತೆಂಗಿನಕಾಯಿಯ ರುಬ್ಬನ್ನು ಕೊನೆಯಲ್ಲಿ ಹಾಕುವುದು ಲೇಸು. ಬಹುಹೊತ್ತು ಕಾದರೆ ಅದು ಒಡೆಯುತ್ತದೆ. ಮಾಗಡಿಯ ಕಡೆಯಿಂದ ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಬರುವ ಹಸಿ ಅವರೆಯನ್ನು ಈ ಪಾತ್ರೆಯಲ್ಲಿ ದಿನವಿಡೀ ಇಡುವುದು ಸರಿಯಲ್ಲ. ಇಬ್ಬನಿಯಲ್ಲಿ ಬೆಳೆದ ಅವರೆಯ ಹೆಗ್ಗಳಿಕೆ ಅದರ ಸೊಗಡು. ಸೊಗಡೆಂಬುದು ಬೇಗ ಹಾರಿಹೋಗುವ ವಸ್ತು. ಒಲೆಯ ಮೇಲೆ ಬೇಗ ಬೇಯಿಸಿದರೇ ಅದು ಉಳಿಯುವುದು. ತೊಗರಿಬೇಳೆಗೂ ಪ್ರೆಷರ್ ಕುಕ್ಕರೇ ಸಾಕು. ಯಾವುದನ್ನು ಇಡಬಾರದೆಂಬುದನ್ನು ಅರಿತವರಿಗೇ ಈ ಪಾತ್ರೆ ಉಪಯೋಗಕ್ಕೆ ಬರುವುದು.

ಇನ್ನು ಕೆಲವು ಸೂಕ್ಷ್ಮಗಳುಂಟು. ಪಾತ್ರೆಯನ್ನು ಅರ್ಧಕ್ಕಿಂತ ಕಡಮೆಯಾಗಲಿ ಮುಕ್ಕಾಲಿಗಿಂತ ಹೆಚ್ಚಾಗಲಿ ತುಂಬಬಾರದು. ಆವಿ ಹೊರಗೆ ಹೋಗದ ಕಾರಣ, ಒಲೆಯ ಅಡಿಗೆಗಿಂತ ನೀರು ಕಡಮೆ ಸಾಕು. ಬೆಂದಿತೇ ಎಂದು ಮತ್ತೆಮತ್ತೆ ಮುಚ್ಚಳ ತೆಗೆದು ನೋಡಿದರೆ, ಪ್ರತಿ ಸಲವೂ ಇಪ್ಪತ್ತು ಮೂವತ್ತು ನಿಮಿಷಗಳ ಕಾವು ನಷ್ಟವಾಗುತ್ತದೆ. ಹುಣಿಸೆಹುಳಿಯನ್ನೂ ತಕ್ಕಾಳಿಯನ್ನೂ ಕಾಳು ಬೆಂದ ಮೇಲೆಯೇ ಹಾಕತಕ್ಕುದು. ಹುಳಿ ಪೆಕ್ಟಿನ್ ಕರಗುವುದನ್ನು ತಡೆಯುವುದರಿಂದ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿರುವ ಸುಣ್ಣದ ಅಂಶವೂ ಹೀಗೆಯೇ ಮಾಡುತ್ತದೆ. ಅಂತಹ ನೀರಿರುವ ಕಡೆ, ನೆನೆಹಾಕುವ ನೀರಿಗೆ ಲೀಟರಿಗೆ ಎರಡು ಸಣ್ಣ ಚಮಚದಷ್ಟು ಉಪ್ಪನ್ನು ಹಾಕಿ, ಬೆಳಗ್ಗೆ ಆ ನೀರನ್ನು ಚೆಲ್ಲಿದರೆ ಕಾಳು ಬೇಗ ಮೆತ್ತಗಾಗುತ್ತದೆ. ಅಡಿಗೆ ಸೋಡ ಹಾಕಿದರೂ ಬೇಯುವುದುಂಟು. ಆದರೆ ಕ್ಷಾರದಿಂದ ಕಾಳಿನಲ್ಲಿರುವ ಥಯಾಮಿನ್ ಎಂಬ ಜೀವಸತ್ತ್ವ ನಾಶವಾಗುವುದರಿಂದ ಅದನ್ನು ಬಳಸದಿರುವುದೇ ಉತ್ತಮ.

ಈಗ ಮೊದಲನೆಯ ಹೆಜ್ಜೆಯ ವಿಚಾರ. ಶ್ರೋತೃಗಳು ಉಳಿದುದನ್ನು ಮರೆತರೂ ಇದನ್ನು ಮರೆಯಬಾರದೆಂದು ನನ್ನ ಪ್ರಾರ್ಥನೆ. ಕಾಳುಗಳಲ್ಲಿ ಲೆಕ್ಟಿನ್ ಎಂಬ ಜಾತಿಯ ಕೆಲವು ವಸ್ತುಗಳುಂಟು. ರಾಜ್ಮಾ ಎಂದು ಕರೆಯುವ ಕೆಂಪು ಕಾಳಿನಲ್ಲಿ ಇದು ಬಹಳ ಹೆಚ್ಚು. ಸರಿಯಾಗಿ ಬೇಯದ ನಾಲ್ಕೈದು ಕಾಳುಗಳನ್ನು ತಿಂದರೂ ಕೆಲವು ಗಂಟೆಗಳೊಳಗೆ ವಿಪರೀತವಾದ ವಾಂತಿಯೂ ಭೇದಿಯೂ ಉಂಟಾಗಬಹುದು. ಬ್ರಿಟನ್ನಿನಲ್ಲಿ ೧೯೭೬ರಿಂದ ಮುಂದೆ ಇಂತಹ ಹಲವು ಪ್ರಕರಣಗಳು ವರದಿಯಾದುವು. ಚೆನ್ನಾಗಿ ಕುದಿಸಿದರೆ ಈ ವಿಷ ನಾಶವಾಗುತ್ತದೆ. ೮೦ ಡಿಗ್ರಿಯಷ್ಟು ಮಾತ್ರ ಕಾಯಿಸಿದರೆ ನಾಶವಾಗದಿರುವುದಲ್ಲದೆ, ಹಸಿಯ ಕಾಳಿಗಿಂತಲೂ ಅದು ಹೆಚ್ಚು ಕೇಡು ಮಾಡಬಹುದು. ನಿಧಾನವಾಗಿ ಕಾಯುವ ಪಾತ್ರೆಗೆ ನೆನೆದ ಕಾಳನ್ನು ತಣ್ಣೀರಿನೊಡನೆ ನೇರವಾಗಿ ಹಾಕಿದರೆ ಆಗುವ ಅಪಾಯ ಇದೇ. ಕಾಳು ಮೆತ್ತಗಾಗಿ, ನೋಡುವುದಕ್ಕೆ ಬೆಂದಂತೆಯೇ ಇದ್ದು, ಒಳಗೆ ವಿಷ ಉಳಿದಿರಬಹುದು.

ಅಮೆರಿಕದ ಆಹಾರ ಮತ್ತು ಔಷಧ ಇಲಾಖೆಯ ಸಲಹೆಯಂತೆ ಇಂತಹ ಕಾಳನ್ನು ಕಡಮೆಯೆಂದರೆ ಐದು ಗಂಟೆ ನೆನೆಸಿ, ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಕುದಿಸಬೇಕು. ೧೦೦ ಡಿಗ್ರಿಯಲ್ಲಿ ಹತ್ತು ನಿಮಿಷ ಸಾಕಾಗುವುದಾದರೂ, ನಮ್ಮ ಮೈಸೂರು ಪ್ರಸ್ಥಭೂಮಿಯಲ್ಲಿ ನೀರು ಅದಕ್ಕಿಂತ ಕೆಳಗೇ ಕುದಿಯುವುದರಿಂದ, ರಾಜ್ಮಾಕ್ಕೆ ಅರ್ಧ ಗಂಟೆಯ ನಿಯಮವನ್ನೇ ಇಟ್ಟುಕೊಳ್ಳುವುದು ಕ್ಷೇಮ. ಹುರುಳಿಯಲ್ಲಿ ಇಷ್ಟು ಭಯವಿಲ್ಲ. ಆದರೂ ಕುದಿಸಿ ಇಡುವುದನ್ನು ಎಲ್ಲ ಕಾಳುಗಳಿಗೂ ಒಂದೇ ವ್ರತವನ್ನಾಗಿ ಇಟ್ಟುಕೊಂಡರೆ ತಪ್ಪುವ ಸಂಭವವಿಲ್ಲ. ಒಣಗಿದ ಅವರೆಯನ್ನಂತೂ ರಾತ್ರಿಯೆಲ್ಲ ನೆನೆಸಿ, ಆ ನೀರನ್ನು ಚೆಲ್ಲಿ, ಮುಚ್ಚಳ ತೆರೆದ ಪಾತ್ರೆಯಲ್ಲಿಯೇ ಕುದಿಸಬೇಕು. ಕೋಡೊಲೆಗೆ ಸರಿಸುವ ಮುನ್ನ ಮಡಕೆಯನ್ನು ಒಂದು ಸಲ ಚೆನ್ನಾಗಿ ಕುದಿಸುತ್ತಿದ್ದ ನಮ್ಮ ಅಜ್ಜಿಯರಿಗೆ ಲೆಕ್ಟಿನ್ನಿನ ಹೆಸರು ತಿಳಿದಿರಲಿಲ್ಲ; ಕ್ರಮ ಮಾತ್ರ ತಿಳಿದಿತ್ತು. ಪಾತ್ರೆಯನ್ನು ಹೊಸದಾಗಿ ಕೊಂಡವರು ಕ್ರಮವನ್ನು ಹಳೆಯವರಿಂದಲೇ ಕಲಿಯಬೇಕು.

ಎರಡನೆಯ ಎಚ್ಚರಿಕೆ ವಿದ್ಯುತ್ತಿನದು. ೫ ಡಿಗ್ರಿಗೂ ೬೦ ಡಿಗ್ರಿಗೂ ನಡುವಣ ಉಷ್ಣತೆಯಲ್ಲಿ ಸೂಕ್ಷ್ಮಜೀವಿಗಳು ಬೇಗಬೇಗನೆ ಹೆಚ್ಚುತ್ತವೆ. ಆದ್ದರಿಂದ ಮಂಜುಗಟ್ಟಿದ ಮಾಂಸವನ್ನು ಹಾಗೆಯೇ ಈ ಪಾತ್ರೆಗೆ ಹಾಕಬಾರದು. ಮನೆಯಲ್ಲಿ ಯಾರೂ ಇಲ್ಲದಾಗ ವಿದ್ಯುತ್ ನಿಂತು, ಎಷ್ಟು ಹೊತ್ತು ನಿಂತಿತ್ತೆಂಬುದು ತಿಳಿಯದೆ ಹೋದರೆ, ಅಡಿಗೆ ಬೆಂದಂತೆ ಕಂಡರೂ ಅದನ್ನು ಚೆಲ್ಲುವುದೇ ವಿವೇಕ. ಕೆಲವು ಸೂಕ್ಷ್ಮಜೀವಿಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಿದ್ಯುತ್ ಪದೇಪದೇ ನಿಲ್ಲುವ ಊರುಗಳಲ್ಲಿ, ಮನೆಯಲ್ಲಿ ಜನರಿರುವ ರಾತ್ರಿಯ ವೇಳೆಯನ್ನೋ ರಜಾದಿನವನ್ನೋ ಈ ಅಡಿಗೆಗೆ ಆರಿಸಿಕೊಳ್ಳಬೇಕು. ರಾತ್ರಿ ಒಂಬತ್ತಕ್ಕೆ ಇಟ್ಟ ಹುರುಳಿ ಬೆಳಗ್ಗೆ ಐದಕ್ಕೆ ಬೆಂದಿರುತ್ತದೆ. ಬೇಸಾಯದ ಮನೆಗೂ ರೇಷ್ಮೆಯ ಮನೆಗೂ ಅದೇ ಹೆಚ್ಚು ಅನುಕೂಲ.

ಖರ್ಚಿನ ವಿಷಯದಲ್ಲಿ ಉತ್ಪ್ರೇಕ್ಷೆ ಸಲ್ಲದು. ೧೫೦ ವಾಟಿನ ಪಾತ್ರೆ ಎಂಟು ಗಂಟೆ ನಡೆದರೆ ಒಂದು ಯೂನಿಟ್ಟಿಗೆ ಮೇಲೆ ಇಪ್ಪತ್ತು ಪಾಲು, ಎಂದರೆ ೧.೨ ಯೂನಿಟ್ ವಿದ್ಯುತ್ ಆಗುತ್ತದೆ. ಅರ್ಧ ಗಂಟೆಯೊಳಗೆ ಕೆಲಸ ಮುಗಿಸುವ ಪ್ರೆಷರ್ ಕುಕ್ಕರಿಗಿಂತ ಇದರಲ್ಲಿ ಇಂಧನದ ಉಳಿತಾಯವಿದೆಯೆಂದು ಹೇಳಲಾರೆ. ಉಳಿಯುವುದು ಗಮನ. ಉರಿ ನೋಡುವ, ಸೀಟಿ ಎಣಿಸುವ, ತಳ ಹಿಡಿಯಿತೇ ಎಂದು ಓಡಿಬರುವ ಗಮನ ಉಳಿಯುತ್ತದೆ. ಇದರ ಬೆಲೆಯನ್ನು ಅವರವರ ಮನೆಯವರೇ ಕಟ್ಟಬೇಕು.

ಇಂಧನವನ್ನೇ ಉಳಿಸಬೇಕೆನ್ನುವವರಿಗೆ ಇನ್ನೂ ಸುಲಭವಾದ ದಾರಿಯುಂಟು. ೧೮೬೭ರ ಪ್ಯಾರಿಸ್ ಪ್ರದರ್ಶನದಲ್ಲಿ ನಾರ್ವೆ ದೇಶದವರು ಒಳಗೆ ಶಾಖ ನಿಲ್ಲುವಂತೆ ಮೆತ್ತೆ ಕಟ್ಟಿದ ಒಂದು ಪೆಟ್ಟಿಗೆಯನ್ನು ತೋರಿಸಿದರು; ಮಹಾಯುದ್ಧಗಳ ಕಾಲದಲ್ಲಿ ಬ್ರಿಟನ್ನಿನ ಮನೆಗಳಲ್ಲಿ ಒಣಹುಲ್ಲು ತುಂಬಿ ಇದನ್ನೇ ಬಳಸಿದರು. ಇದಕ್ಕೆ ಬೇಕಾದುದೆಲ್ಲ ನಮ್ಮಲ್ಲಿಯೇ ಇದೆ. ಆಳವಾದ ಒಂದು ಬುಟ್ಟಿ ಅಥವಾ ಮರದ ಪೆಟ್ಟಿಗೆ, ಅದರ ತಳಕ್ಕೂ ಸುತ್ತಲೂ ಅರ್ಧ ಗೇಣಿನಷ್ಟು ಒತ್ತಿ ತುಂಬಿದ ನೆಲ್ಲುಹುಲ್ಲು, ಮೇಲೆ ಹೊದಿಸಲು ಮಡಿಸಿದ ಕಂಬಳಿ. ಅಕ್ಕಿಯ ಗಂಜಿಯನ್ನೋ, ಮುಂಚೆಯೇ ಕಾಲು ಗಂಟೆ ಕುದಿಸಿದ ಕಾಳನ್ನೋ ಮುಚ್ಚಳ ಬಿಗಿಯಾದ, ಮುಕ್ಕಾಲು ತುಂಬಿದ ಪಾತ್ರೆಯಲ್ಲಿ ಕುದಿಯುತ್ತಿರುವಂತೆಯೇ ಇದರೊಳಗಿಟ್ಟು ಮುಚ್ಚಿದರೆ, ಎರಡು ಮೂರು ಗಂಟೆಗಳ ಕಾಲ ಖರ್ಚಿಲ್ಲದೆ ಬೇಯುತ್ತದೆ. ತೆಗೆದ ಮೇಲೆ ಮತ್ತೆ ಕುದಿಸಿಯೇ ಬಡಿಸಬೇಕು. ನಾಲ್ಕು ಗಂಟೆಗಿಂತ ಹೆಚ್ಚು ಕಾಲ ಬಿಡಬಾರದು. ಮಾಂಸವನ್ನೂ ರಾಜ್ಮಾವನ್ನೂ ಇದರಲ್ಲಿ ಬೇಯಿಸಬಾರದು. ವಿದ್ಯುತ್ ನಿಂತರೂ ಕೆಡದ ಸ್ಲೋ ಕುಕ್ಕರ್ ಇದು.

ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಹುರುಳಿ ಅವರೆಗಳ ಸಾರನ್ನು ಕೆಲಸದ ದಿನಗಳಲ್ಲಿ ಮಾಡಲು ಹೊತ್ತಿಲ್ಲವೆಂದು ಹೇಳುವವರನ್ನು ನಗರದಲ್ಲಿ ನಾವೆಲ್ಲರೂ ಬಲ್ಲೆವು. ಹೊತ್ತಿಲ್ಲವೆಂಬುದು ನಿಜ. ಆದರೆ ಆ ಸಾರುಗಳು ಬೇಡುವುದು ಮಡಕೆಯ ಹೊತ್ತನ್ನು, ಮನುಷ್ಯರ ಹೊತ್ತನ್ನಲ್ಲ ಎಂಬುದನ್ನು ಅರಿತರೆ ತೊಡಕು ಬಿಡುತ್ತದೆ. ಕಾಳು ನೆನೆಹಾಕುವುದು, ಕುದಿಸುವುದು, ಪಾತ್ರೆಗೆ ಸುರಿದು ಗುಂಡಿ ತಿರುಗಿಸುವುದು ಇವುಗಳಿಗೆ ಹುಟ್ಟಿನಿಂದ ಬರುವ ಕೈಗುಣವೇನೂ ಬೇಕಿಲ್ಲ. ಪತ್ರಿಕೆ ಓದುತ್ತ ಸಾರಿಗಾಗಿ ಕಾಯುವ ಪುರುಷರೂ ಇದನ್ನು ಧಾರಾಳವಾಗಿ ಮಾಡಬಹುದು. ಮನೆಯಲ್ಲಿ ಒಬ್ಬರು ರಾತ್ರಿ ನೆನೆಹಾಕಿ, ಇನ್ನೊಬ್ಬರು ಬೆಳಗ್ಗೆ ಕುದಿಸಿಟ್ಟು, ಸಂಜೆ ಇಬ್ಬರೂ ಸೇರಿ ಮುದ್ದೆ ತಿರುವಿದರೆ, ಆ ಊಟಕ್ಕೆ ಒಬ್ಬರೇ ಬೆವರು ಸುರಿಸಬೇಕಾಗುವುದಿಲ್ಲ.